ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ

ಗಜೇಂದ್ರಗಡದ ಸಹೋದರಿಯವರೇ,

ಮಗುವಿಗೆ ನಳದ ನೀರು ಕುದಿಸಿ ಕೊಡುತ್ತಿದ್ದೀರಿ, ಸರಿಯಾದ ರೂಢಿ. ರೋಗಾಣುಗಳು ಸಾಯುತ್ತವೆ. ಫ್ಲೋರೈಡ್ ಮಾತ್ರ ಉಳಿಯುತ್ತದೆ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಗದಗ ಜಿಲ್ಲೆಯ ಕೊಳವೆಬಾವಿಗಳಿಗೆ ಫ್ಲೋರೈಡ್ ಹಳೆಯ ಪೀಡೆ.

ಹಾಗಾಗಿ ಮೊದಲು ವಾಲ್ವ್‌ಮನ್‌ನನ್ನು ಕೇಳಿ: ಬಿಟ್ಟಿದ್ದು ಮಲಪ್ರಭಾ ನೀರೋ, ಬೋರಿನದೋ? ಬೋರಿನದಾದರೆ ಪರೀಕ್ಷೆ ಮಾಡಿಸಿ. ಭಾರತೀಯ ಮಾನಕದಂತೆ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವೇ ಇಲ್ಲದಿದ್ದರೆ 1.5. ಮೀರಿದ್ದರೆ ಕುಡಿಯಲು, ಅಡುಗೆಗೆ ಆರ್‌ಒ ನೀರನ್ನೇ ಬಳಸಿ. ಮಗುವಿನ ಹಲ್ಲಿನಲ್ಲಿ ಬಿಳಿ ಅಥವಾ ಕಂದು ಗೆರೆ ಕಂಡರೆ ದಂತವೈದ್ಯರಿಗೆ ತೋರಿಸಿ.

ಹೊಳೆ ನೀರು ಕದಡಿ ಬಂದರೆ ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಒಂದು ನಿಮಿಷ ಕೊತಕೊತ ಕುದಿಸಿ, ಮುಚ್ಚಿಡಿ. ರೋಣ, ನರಗುಂದದ ಓದುಗರಿಗೂ ಇದೇ ಮಾತು: ಪರೀಕ್ಷೆಯ ವರದಿ ಕೈಗೆ ಬಂದ ಮೇಲೆ ಓಣಿಯವರೆಲ್ಲ ಸೇರಿ ಪುರಸಭೆಗೆ ಲಿಖಿತ ಅರ್ಜಿ ಕೊಡಿ. ಶುದ್ಧ ನೀರು ನಿಮ್ಮ ಹಕ್ಕು.