ಡಿಸ್ಕ್ ಕಾಣದ ಸರ್ವರ್

ತಮ್ಮಾ, ಸರ್ವರುಗಳ ಹೊಣೆ ಇನ್ನು ನಿನ್ನದು. ಲಿನಕ್ಸ್‌ನಲ್ಲಿ ಉಳಿದದ್ದನ್ನೆಲ್ಲ ಕೆಲಸವೇ ಕಲಿಸುತ್ತದೆ. ಡಿಸ್ಕ್ ಡ್ರೈವರ್ ವಿಷಯ ಮಾತ್ರ ಮೊದಲೇ ಹೇಳಿಬಿಡುತ್ತೇನೆ. ನೆಟ್‌ವರ್ಕ್ ಡ್ರೈವರ್ ಕೈಕೊಟ್ಟರೆ ಕನ್ಸೋಲ್ ಮುಂದೆ ಕೂತು ಸರಿಮಾಡಬಹುದು. ರೂಟ್ ಡಿಸ್ಕಿನ ಡ್ರೈವರ್ ಸಿಗದಿದ್ದರೆ ಯಂತ್ರ ಮೇಲೇಳುವುದೇ ಇಲ್ಲ.

ಡ್ರೈವರ್ ಮಾಡ್ಯೂಲುಗಳು ಇರುವುದು ಡಿಸ್ಕಿನಲ್ಲಿ, ಆ ಡಿಸ್ಕ್ ಓದುವುದಕ್ಕೂ ಡ್ರೈವರ್ ಬೇಕು. ಕೀಲಿಕೈ ಒಳಗಿಟ್ಟು ಬಾಗಿಲಿಗೆ ಬೀಗ ಜಡಿದ ಹಾಗೆ. ಈ ತೊಡಕು ಬಿಡಿಸಲೆಂದೇ ಇನಿಟ್‌ರಾಮ್‌ಎಫ್‌ಎಸ್ ಎಂಬ ಪುಟ್ಟ ಕಟ್ಟು ಇರುವುದು. ಬೂಟ್‌ಲೋಡರ್ ಆದ ಗ್ರಬ್ ಅದನ್ನು ಕರ್ನಲ್ ಜೊತೆಗೇ ಮೆಮೊರಿಗೆ ತರುತ್ತದೆ. ರೂಟ್ ತೆರೆಯಲು ಬೇಕಾದ ಮಾಡ್ಯೂಲುಗಳು ಅದರೊಳಗೆ ಇರಲೇಬೇಕು.

ಎಡವುವುದು ಇಲ್ಲೇ. ರೆಡ್ ಹ್ಯಾಟ್, ಫೆಡೋರಾಗಳಲ್ಲಿ ಈ ಕಟ್ಟನ್ನು ಕಟ್ಟುವುದು ಡ್ರಾಕಟ್. ಅದು ಸಾಮಾನ್ಯವಾಗಿ ಈಗಿನ ಯಂತ್ರಕ್ಕೆ ಬೇಕಾದ ಡ್ರೈವರುಗಳನ್ನಷ್ಟೇ ತುಂಬುತ್ತದೆ. ಹಾಗಾಗಿ ರೇಡ್ ಕಾರ್ಡ್ ಬದಲಿಸಿದಾಗ, ಇಲ್ಲವೇ ಹಳೆಯ ಸರ್ವರನ್ನು ಕೆವಿಎಂ ಮೇಲೆ ವರ್ಚುವಲ್ ಯಂತ್ರವಾಗಿ ಎಬ್ಬಿಸಹೊರಟಾಗ, ಹೊಸ ಕಂಟ್ರೋಲರಿನ ಡ್ರೈವರ್ ಕಟ್ಟಿನಲ್ಲಿ ಇಲ್ಲದಿರಬಹುದು. ಡೆಬಿಯನ್, ಉಬುಂಟುಗಳು ಹೆಚ್ಚಿನ ಡ್ರೈವರುಗಳನ್ನು ಸೇರಿಸಿಯೇ ಕಟ್ಟುವುದರಿಂದ ಅಲ್ಲಿ ಈ ಕಾಟ ಕಡಿಮೆ.

ಆದ್ದರಿಂದ ಹಳೆಯ ಯಂತ್ರ ಓಡುತ್ತಿರುವಾಗಲೇ ಸಿದ್ಧತೆ ಮಾಡಿಕೋ. ಈಗ ಯಾವ ಕಂಟ್ರೋಲರನ್ನು ಯಾವ ಡ್ರೈವರ್ ನಡೆಸುತ್ತಿದೆ ಎಂದು ಎಲ್‌ಎಸ್‌ಪಿಸಿಐ ತೋರಿಸುತ್ತದೆ. ಹೊಸ ಜಾಗಕ್ಕೆ ಏನು ಬೇಕು ಎಂದು ತಿಳಿದುಕೋ. ವರ್ಚುವಲ್ ಡಿಸ್ಕಿಗೆ ವರ್ಟಿಯೋ, ಎನ್‌ವಿಎಂಇ ಡಿಸ್ಕಿಗೆ ಎನ್‌ವಿಎಂಇ ಮಾಡ್ಯೂಲ್, ರೇಡ್ ಕಾರ್ಡಿಗೆ ಅದರದೇ ಡ್ರೈವರ್. ಅದನ್ನು ಹೆಸರು ಹೇಳಿ ಸೇರಿಸಿ ಕಟ್ಟನ್ನು ಮತ್ತೆ ಕಟ್ಟು. ಆಮೇಲೆ ಎಲ್‌ಎಸ್‌ಇನಿಟ್‌ಆರ್‌ಡಿಯಲ್ಲಿ ಅದು ಒಳಗೆ ಬಂದಿದೆಯೇ ಎಂದು ಕಣ್ಣಾರೆ ನೋಡು. ಈ ಒಂದು ನಿಮಿಷವನ್ನು ಎಂದೂ ಉಳಿಸಲು ಹೋಗಬೇಡ.

ತೀರಾ ಹಳೆಯ ಕಾರ್ಡುಗಳಿದ್ದರೆ ಇನ್ನೊಂದು ಎಚ್ಚರ. 2019ರಲ್ಲಿ ಬಂದ ರೆಡ್ ಹ್ಯಾಟ್ 8, ಹಿಂದೆ ನಡೆಯುತ್ತಿದ್ದ ಕೆಲವು ರೇಡ್ ಕಾರ್ಡುಗಳಿಗೆ ಬೆಂಬಲ ನಿಲ್ಲಿಸಿತು. ಎಲ್‌ರೆಪೋ ಎಂಬ ಹೊರಗಿನ ಪ್ಯಾಕೇಜ್ ಭಂಡಾರ ಅಂಥ ಹಲವಕ್ಕೆ ಡ್ರೈವರ್ ಒದಗಿಸಿತು, ನಿಜ. ಆದರೆ ಹೊರಗಿನ ಡ್ರೈವರ್ ಮೇಲೆ ರೂಟ್ ಡಿಸ್ಕ್ ನಿಂತಿದ್ದರೆ ಪ್ರತಿ ಕರ್ನಲ್ ಅಪ್‌ಡೇಟೂ ಪರೀಕ್ಷೆಯೇ. ಡಿಕೆಎಂಎಸ್ ಎಂಬ ಸಾಧನ ಹೊಸ ಕರ್ನಲ್ಲಿಗೆ ಮಾಡ್ಯೂಲನ್ನು ತಾನೇ ಕಟ್ಟಿಕೊಡುತ್ತದೆ, ಹೆಡರ್ ಪ್ಯಾಕೇಜ್ ಇದ್ದರೆ ಮಾತ್ರ. ಸೆಕ್ಯೂರ್ ಬೂಟ್ ಇದ್ದಲ್ಲಿ ಸಹಿಯಿಲ್ಲದ ಮಾಡ್ಯೂಲ್ ಲೋಡ್ ಆಗದು. ನನ್ನ ಕೇಳಿದರೆ ರೂಟ್ ಡಿಸ್ಕಿಗೆ ಕರ್ನಲ್ಲಿನಲ್ಲೇ ಡ್ರೈವರ್ ಇರುವ ಕಾರ್ಡನ್ನೇ ಕೊಳ್ಳಿಸು. ಹಳೆಯ ಕರ್ನಲ್ ಒಂದನ್ನಾದರೂ ಗ್ರಬ್ ಮೆನುವಿನಲ್ಲಿ ಉಳಿಸಿಕೊಂಡಿರು.

ಡ್ರೈವರ್ ಜೊತೆಗೆ ಡಿಸ್ಕಿನ ಹೆಸರಿನ ಮೇಲೂ ಕಣ್ಣಿಡು. ಎಫ್‌ಎಸ್‌ಟ್ಯಾಬ್‌ನಲ್ಲಿ ಎಸ್‌ಡಿಎ, ಎಸ್‌ಡಿಬಿ ಎಂದು ಬರೆಯಬೇಡ, ಆ ಹೆಸರುಗಳು ಅದಲುಬದಲಾಗುತ್ತವೆ. ಯುಯುಐಡಿ ಎಂಬ ಸ್ಥಿರ ಗುರುತನ್ನೇ ಬರೆ.

ಇಷ್ಟಾದರೂ ಒಂದು ದಿನ ಡ್ರಾಕಟ್ಟಿನ ತುರ್ತು ಶೆಲ್ ಎದುರಾದರೆ ಗಾಬರಿಯಾಗಬೇಡ. ಅಲ್ಲಿ ಬಿಎಲ್‌ಕೆಐಡಿ ಓಡಿಸು. ಡಿಸ್ಕ್ ಕಂಡರೆ ಯುಯುಐಡಿ ತಪ್ಪಿರಬಹುದು. ಒಂದೂ ಕಾಣದಿದ್ದರೆ ಡ್ರೈವರನ್ನೇ ಶಂಕಿಸು. ಮೆನುವಿನಲ್ಲಿ ರೆಸ್ಕ್ಯೂ ಸಾಲಿದ್ದರೆ ಅದರಿಂದ ಏಳಿಸಿ ನೋಡು, ಅದರ ಕಟ್ಟಿನಲ್ಲಿ ಡ್ರೈವರುಗಳು ಹೆಚ್ಚು. ಅದೂ ಆಗದಿದ್ದರೆ ಲೈವ್ ಯುಎಸ್‌ಬಿಯಿಂದ ಒಳಹೊಕ್ಕು, ಕ್ರೂಟ್ ಮಾಡಿ, ಕಟ್ಟನ್ನು ಮತ್ತೆ ಕಟ್ಟು. ಕರ್ನಲ್ ಆವೃತ್ತಿಯನ್ನು ನೀನೇ ಬರೆದು ಕೊಡು, ಇಲ್ಲದಿದ್ದರೆ ಡ್ರಾಕಟ್ ಯುಎಸ್‌ಬಿಯ ಕರ್ನಲ್ಲಿಗೆ ಕಟ್ಟಲು ಹೊರಡುತ್ತದೆ. ಯಾರಾದರೂ ಪಕ್ಕದಲ್ಲಿ ನಿಂತು ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕೋಣ ಎಂದರೆ ಒಪ್ಪಬೇಡ. ಡ್ರೈವರ್ ಸಿಗಲಿಲ್ಲ ಎಂದ ಮಾತ್ರಕ್ಕೆ ಡಿಸ್ಕಿನಲ್ಲಿರುವ ಜನರ ಲೆಕ್ಕಪತ್ರ ಎಲ್ಲಿಗೂ ಹೋಗಿರುವುದಿಲ್ಲ.