ಹೋಗಿರುವುದು ಹಾರ್ಡ್ ಡಿಸ್ಕೋ, ಕೇಬಲ್ಲೋ?

ಪ್ರಶ್ನೆ: ಹಳೇ ಡೆಸ್ಕ್‌ಟಾಪ್‌ಗೆ ವಿಂಡೋಸ್ ಹೊಸದಾಗಿ ಹಾಕಲು ಹೊರಟರೆ ಫೈಲ್ ಕಾಪಿ ಆಗುವಾಗ ಅರ್ಧಕ್ಕೇ ಎರರ್ ಬಂದು ನಿಲ್ಲುತ್ತದೆ. ಹಾರ್ಡ್ ಡಿಸ್ಕ್ ಹೋಗಿದೆ, ಹೊಸದು ತನ್ನಿ ಎನ್ನುತ್ತಾರೆ ಅಂಗಡಿಯವರು. ನಮ್ಮ ಮನೆ ಸೈನೈಡ್ ದಿಬ್ಬದ ಹತ್ತಿರ. ಆ ಧೂಳು ಡಿಸ್ಕ್ ಒಳಗೆ ಸೇರಿರಬಹುದೆ? ಅಪ್ಪ ಗಣಿಯಲ್ಲಿದ್ದಾಗಿನ ಫೋಟೊಗಳೂ ಅದರಲ್ಲೇ ಇವೆ.
– ಒಬ್ಬ ಓದುಗರು, ಕೆ.ಜಿ.ಎಫ್.

ಉತ್ತರ: ಮೊದಲು ಇನ್‌ಸ್ಟಾಲ್ ಮಾಡುವುದನ್ನು ನಿಲ್ಲಿಸಿ. ಫೋಟೊಗಳು ಕೈಗೆ ಸಿಗುವವರೆಗೆ ಆ ಡಿಸ್ಕ್ ಮೇಲೆ ಏನನ್ನೂ ಬರೆಯಬಾರದು. ಫಾರ್ಮ್ಯಾಟ್ ಒತ್ತಿಬಿಟ್ಟಿದ್ದರೂ ಎದೆಗುಂದಬೇಡಿ. ಕ್ವಿಕ್ ಫಾರ್ಮ್ಯಾಟ್‌ನಲ್ಲಿ ಹೋಗುವುದು ಫೈಲ್‌ಗಳ ಪಟ್ಟಿ ಮಾತ್ರ, ಚಿತ್ರಗಳು ಇದ್ದಲ್ಲೇ ಇರುತ್ತವೆ. ಅವುಗಳ ಜಾಗದಲ್ಲಿ ವಿಂಡೋಸ್ ಫೈಲ್ ಬಂದು ಕೂತರೆ ಮಾತ್ರ ಮತ್ತೆ ಸಿಗುವುದಿಲ್ಲ. ಪೆನ್‌ಡ್ರೈವ್‌ಗೆ ಉಬುಂಟು ಎಂಬ ಆಪರೇಟಿಂಗ್ ಸಿಸ್ಟಂ ಹಾಕಿ, ಇನ್‌ಸ್ಟಾಲ್ ಮಾಡದೆ ‘ಟ್ರೈ’ ಆಯ್ಕೆಯಲ್ಲಿ ತೆರೆಯಿರಿ. ಫೋಟೊ ಕಂಡರೆ ಬೇರೆ ಡ್ರೈವ್‌ಗೆ ಕಾಪಿ ಮಾಡಿ. ಕಾಣದಿದ್ದರೆ ಫೋಟೋರೆಕ್ ಎಂಬ ಉಚಿತ ತಂತ್ರಾಂಶದಿಂದ ಹುಡುಕಿಸಿ. 2001ರಲ್ಲಿ ಮುಚ್ಚಿದ ಗಣಿಯ ಚಿತ್ರಗಳನ್ನು ಇನ್ನೊಮ್ಮೆ ತೆಗೆಯಲಾದೀತೆ? ಹಾಗಾಗಿ ಡಿಸ್ಕ್ ‘ಟಕ್ ಟಕ್’ ಎನ್ನುತ್ತಿದ್ದರೆ ಇಷ್ಟನ್ನೂ ಮಾಡಲು ಹೋಗದೆ, ಪವರ್ ತೆಗೆದು ಡೇಟಾ ರಿಕವರಿ ಮಾಡುವವರಿಗೆ ಒಪ್ಪಿಸಿ.

ಧೂಳಿನ ಅನುಮಾನ ಸಹಜವೇ. ಅದಿರನ್ನು ನುಣ್ಣಗೆ ಅರೆದು, ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಯೇ ಆ ದಿಬ್ಬಗಳು. ಜೋರಾಗಿ ಗಾಳಿ ಬೀಸಿದರೆ ಮನೆ ತುಂಬ ಅದೇ. ಆದರೆ ಡಿಸ್ಕ್‌ನ ಒಳಕ್ಕೆ ಅದು ಹೋಗಿರಲಾರದು. ಗಾಳಿಯ ಒತ್ತಡ ಸರಿದೂಗಲೆಂದು ಡಿಸ್ಕ್‌ಗೆ ಪುಟ್ಟ ರಂಧ್ರವಿರುತ್ತದೆ, ಅದಕ್ಕೆ ಒಳಗಿನಿಂದ ಫಿಲ್ಟರ್ ಕೂಡ ಇರುತ್ತದೆ. ಓದುವ ಹೆಡ್ ತಿರುಗುವ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತಿರುತ್ತದೆ. ಅದಕ್ಕಿಂತ ನೂರಾರು ಪಟ್ಟು ದಪ್ಪದ ಕಣಗಳು ನಡುವೆ ಸಿಕ್ಕಿದ್ದರೆ ಡಿಸ್ಕ್ ಇಷ್ಟು ದಿನ ಬದುಕುತ್ತಿರಲಿಲ್ಲ. ಒರೆಸೋಣವೆಂದು ದಯವಿಟ್ಟು ಅದರ ಮುಚ್ಚಳ ಬಿಚ್ಚಬೇಡಿ. ನಿಮ್ಮೂರಿನ ಧೂಳು ಕಾಟ ಕೊಡುವುದು ಡಿಸ್ಕ್‌ನ ಹೊರಗೆ: ಸಾಟಾ ಕೇಬಲ್‌ನ ತುದಿ, ರ್‍ಯಾಮ್ ಸ್ಲಾಟ್, ಫ್ಯಾನ್.

ಅಂಗಡಿಯವರ ಮಾತು ನಿಜವೇ ಎಂದು ನೋಡಲು ಡಿಸ್ಕನ್ನೇ ಕೇಳಬಹುದು. ತನ್ನ ದೋಷಗಳ ಲೆಕ್ಕವನ್ನು ಅದು ತಾನೇ ಬರೆದಿಡುತ್ತದೆ, ಸ್ಮಾರ್ಟ್ ಎಂದು ಅದರ ಹೆಸರು. ಉಬುಂಟುವಿನ ‘ಡಿಸ್ಕ್ಸ್’ ತೆರೆದು ಮೆನುವಿನಲ್ಲಿ ಸ್ಮಾರ್ಟ್ ಡೇಟಾ ನೋಡಿ. 5 ಮತ್ತು 197ನೇ ಸಾಲುಗಳು ಕೆಟ್ಟ ಸೆಕ್ಟರ್‌ಗಳವು. 5ರಲ್ಲಿರುವುದು ಈಗಾಗಲೇ ಬದಲಿ ಜಾಗ ಕೊಟ್ಟವುಗಳ ಲೆಕ್ಕ. 197ರಲ್ಲಿರುವುದು ಓದಲಾಗದೆ ತೀರ್ಮಾನಕ್ಕೆ ಕಾದಿರುವವುಗಳದ್ದು. ಇವು ದಿನೇ ದಿನೇ ಏರುತ್ತಿದ್ದರೆ ಅಂಗಡಿಯವರು ಹೇಳಿದ್ದೇ ಸರಿ. 199ನೇ ಸಾಲು ಬೇರೆ ಕತೆ. ಡಿಸ್ಕ್‌ನಿಂದ ಮದರ್‌ಬೋರ್ಡ್‌ಗೆ ಹೋಗುವ ದಾರಿಯಲ್ಲಿ ಡೇಟಾ ಕೆಟ್ಟರೆ ಅಲ್ಲಿ ದಾಖಲಾಗುತ್ತದೆ. 5 ಮತ್ತು 197 ಸೊನ್ನೆಯಲ್ಲೇ ಇದ್ದು 199 ಮಾತ್ರ ಹೆಚ್ಚುತ್ತಿದ್ದರೆ ಮೊದಲು ಸಾಟಾ ಕೇಬಲ್ ಬದಲಿಸಿ, ಬೇರೆ ಪೋರ್ಟ್‌ಗೆ ಹಾಕಿ. ಆ ಅಂಕಿ ಹಿಂದಕ್ಕೆ ಇಳಿಯುವುದಿಲ್ಲ. ಮುಂದೆ ಏರದಿದ್ದರೆ ರೋಗ ವಾಸಿಯಾದಂತೆ.

ಮೂರೂ ಸಾಲು ಶುದ್ಧವಾಗಿದ್ದರೆ? ಡಿಸ್ಕ್ ಬಿಟ್ಟು ಬೇರೆ ಕಡೆ ನೋಡಿ. ಇನ್‌ಸ್ಟಾಲ್ ಪೆನ್‌ಡ್ರೈವ್ ಕೆಟ್ಟಿದ್ದರೂ, ರ್‍ಯಾಮ್ ದೋಷವಿದ್ದರೂ ಇದೇ ಹಂತದಲ್ಲಿ ಎರರ್ ಬರುತ್ತದೆ. ಇನ್ನೊಂದು ಪೆನ್‌ಡ್ರೈವ್‌ನಲ್ಲಿ ಪ್ರಯತ್ನಿಸಿ, ರ್‍ಯಾಮ್ ತೆಗೆದು ತುದಿ ಒರೆಸಿ ಹಾಕಿ, ಅದನ್ನು ಪರೀಕ್ಷಿಸುವ ಮೆಮ್‌ಟೆಸ್ಟ್ ತಂತ್ರಾಂಶವನ್ನು ರಾತ್ರಿಯಿಡೀ ಓಡಲು ಬಿಡಿ. ಡಿಸ್ಕನ್ನು ವಿಭಾಗಿಸಿರುವ ಬಗೆ ಸರಿಯಿಲ್ಲವೆಂದು, ಎಂಬಿಆರ್, ಜಿಪಿಟಿ ಎಂದು ತಕರಾರು ಮಾಡುವ ಎರರ್ ನಿಮ್ಮದಲ್ಲ. ಅದು ಬಂದರೆ ಕಾಪಿ ಶುರುವಾಗುವ ಮೊದಲೇ ಬರುತ್ತದೆ.

ಇಷ್ಟಾದ ಮೇಲೂ ಡಿಸ್ಕೇ ಹೋಗಿದೆ ಎಂದು ಖಚಿತವಾದರೆ ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ. ಅಲ್ಲಿ ಮತ್ತೆ ಹಳೇ ಹಾರ್ಡ್ ಡಿಸ್ಕ್ ಕೊಳ್ಳಬೇಡಿ, ವಾರಂಟಿ ಇರುವ ಸಾಟಾ ಎಸ್‌ಎಸ್‌ಡಿ ಕೇಳಿ. ಜೊತೆಗೆ ಒಂದು ಹೊಸ ಕೇಬಲ್ಲೂ ಇರಲಿ.