ಕಪ್ಪಿಗೆ 40 ಪೈಸೆ: ಗಾರ್‌ಸ್ಟಾಂಗ್ ಊರಿನಿಂದ ನಾವು ಕಲಿಯಬಹುದಾದ ಪಾಠ



ಬೆಳಿಗ್ಗೆ ಐದಕ್ಕೆ ಶಟರ್ ಎತ್ತಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಮೊದಲ ಡಿಕಾಕ್ಷನ್ ಇಳಿಯುವ ಹೊತ್ತಿಗೆ ನಮ್ಮ ತಲೆಯಲ್ಲಿ ಲೆಕ್ಕ ಶುರುವಾಗಿರುತ್ತದೆ. ಹಾಲಿಗೆ ಎಷ್ಟು, ಗ್ಯಾಸಿಗೆ ಎಷ್ಟು, ಪುಡಿಗೆ ಎಷ್ಟು? ಯಾವುದನ್ನು ಎಷ್ಟು ಕಡಿಮೆಗೆ ತರಬಹುದು? ಲಾಭ ಇರುವುದು ಕೊಳ್ಳುವುದರಲ್ಲಿ ಎಂದು ನಮ್ಮ ಹಿರಿಯರು ಹೇಳಿಕೊಟ್ಟಿದ್ದಾರೆ. ಅದರಲ್ಲಿ ತಪ್ಪೇನೂ ಇಲ್ಲ. ಹಾಗೆ ಮಾಡದಿದ್ದರೆ ಪರವೂರಿಗೆ ಬಂದು ನಮ್ಮಲ್ಲಿ ಒಬ್ಬರೂ ನೆಲೆ ನಿಲ್ಲುತ್ತಿರಲಿಲ್ಲ.

ಆದರೆ ನಮಗೆ ಮಾರಿದವನಿಗೆ ಏನು ಉಳಿಯಿತು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಕಡಿಮೆ. ಇಂಗ್ಲೆಂಡಿನ ಒಂದು ಪುಟ್ಟ ಊರಿನ ಜನ ಈ ಪ್ರಶ್ನೆ ಕೇಳಿಕೊಂಡರು. ಅದರಿಂದ ಹುಟ್ಟಿದ ಚಳವಳಿ ಜಗತ್ತಿನ ಎರಡು ಸಾವಿರಕ್ಕೂ ಹೆಚ್ಚು ಊರುಗಳಿಗೆ ಹಬ್ಬಿತು. ಅಲ್ಲಿನ ಹೋಟೆಲಿನವರೂ ಅದರಲ್ಲಿ ಪಾಲುದಾರರು. ಆದ್ದರಿಂದ ಈ ಸಲದ ಅಧ್ಯಯನಕ್ಕೆ ಆ ವಿಷಯವನ್ನೇ ಆರಿಸಿಕೊಂಡಿದ್ದೇನೆ.

ಫೇರ್ ಟ್ರೇಡ್ ಎಂದರೇನು?

ಫೇರ್ ಟ್ರೇಡ್ ಎಂದರೆ ನ್ಯಾಯದ ವ್ಯಾಪಾರ. ಇದು ದಾನವಲ್ಲ, ಸಬ್ಸಿಡಿಯೂ ಅಲ್ಲ. ಕಾಫಿ, ಚಹಾ, ಕೋಕೋ, ಬಾಳೆ, ಸಕ್ಕರೆಯಂಥ ಬೆಳೆಗಳ ಸಣ್ಣ ರೈತರು ಸಂಘ ಕಟ್ಟಿಕೊಂಡು ಮಾರುತ್ತಾರೆ. ಕೊಳ್ಳುವವರು ಮುಖ್ಯವಾಗಿ ಮೂರು ಮಾತು ಕೊಡುತ್ತಾರೆ.

1. ಮಾರುಕಟ್ಟೆ ಎಷ್ಟೇ ಕುಸಿದರೂ ಒಂದು ಕನಿಷ್ಠ ಬೆಲೆಗಿಂತ ಕೆಳಗೆ ಇಳಿಯುವುದಿಲ್ಲ. ಮಾರುಕಟ್ಟೆ ಮೇಲಿದ್ದರೆ ಮಾರುಕಟ್ಟೆಯ ಬೆಲೆಯನ್ನೇ ಕೊಡುತ್ತೇವೆ.

2. ಬೆಲೆಯ ಮೇಲೆ ಪ್ರೀಮಿಯಂ ಎಂದು ಇನ್ನಷ್ಟು ಹಣ ಕೊಡುತ್ತೇವೆ. ಶಾಲೆಗೋ, ಬಾವಿಗೋ, ಒಣಗಿಸುವ ಕಣಕ್ಕೋ ಎಂಬುದನ್ನು ರೈತರ ಸಂಘವೇ ಸಭೆ ಸೇರಿ ತೀರ್ಮಾನಿಸುತ್ತದೆ.

3. ರೈತರು ಕೇಳಿದರೆ ಮುಂಗಡ ಕೊಡುತ್ತೇವೆ. ಕಾಫಿಯಲ್ಲಿ ಇದು ಒಪ್ಪಂದದ ಮೊತ್ತದ ಶೇಕಡ 60ರವರೆಗೂ ಹೋಗಬಹುದು.

ಬೆಳೆಗಾರರೂ ಮಾತು ಕೊಡಬೇಕು. ಮಕ್ಕಳನ್ನು ಕೂಲಿಗೆ ದುಡಿಸಬಾರದು, ಲೆಕ್ಕಪತ್ರ ತೆರೆದಿಡಬೇಕು, ನಿಷೇಧಿತ ಕೀಟನಾಶಕ ಬಳಸಬಾರದು.

1988ರಲ್ಲಿ ನೆದರ್‌ಲ್ಯಾಂಡ್ಸ್ ದೇಶದಲ್ಲಿ, ಮೆಕ್ಸಿಕೋದ ಸಣ್ಣ ಬೆಳೆಗಾರರ ಕಾಫಿಗಾಗಿ, ಇಂಥ ಮೊದಲ ಗುರುತುಚೀಟಿ ಬಂತು. ಮರುವರ್ಷವೇ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿದ್ದು ಕಾಫಿಯ ಬೆಲೆ ನೆಲ ಕಚ್ಚಿತು. ರೈತನಿಗೆ ತಳಮಟ್ಟದ ಬೆಲೆ ಏಕೆ ಬೇಕು ಎಂಬುದು ಆಗ ಎಲ್ಲರಿಗೂ ಅರ್ಥವಾಯಿತು.

ಒಂದು ಊಟದಿಂದ ಶುರುವಾದದ್ದು

ಗಾರ್‌ಸ್ಟಾಂಗ್ ಲ್ಯಾಂಕಷೈರ್ ಜಿಲ್ಲೆಯ ಸಂತೆಯ ಊರು. ಜನಸಂಖ್ಯೆ ನಾಲ್ಕೈದು ಸಾವಿರ. ಸುತ್ತ ಹಸು ಸಾಕುವವರ ಹೊಲಗಳು. ಬ್ರೂಸ್ ಕ್ರೌದರ್ ಎಂಬ ಪಶುವೈದ್ಯರು 1992ರಲ್ಲಿ ಅಲ್ಲಿ ಆಕ್ಸ್‌ಫ್ಯಾಮ್ ಸೇವಾಸಂಸ್ಥೆಯ ಒಂದು ಸ್ಥಳೀಯ ಗುಂಪು ಕಟ್ಟಿದರು. ಅಂಗಡಿಗಳಲ್ಲಿ, ಚಹಾದಂಗಡಿಗಳಲ್ಲಿ ಫೇರ್ ಟ್ರೇಡ್ ಸರಕು ಇಡಿಸಲು ವರ್ಷಗಟ್ಟಲೆ ಹೆಣಗಿದರು. ಆದರೆ ಹೇಳಿಕೊಳ್ಳುವಷ್ಟು ಫಲ ಸಿಗಲಿಲ್ಲ.

2000ನೇ ಇಸವಿಯಲ್ಲಿ ಅವರು ದಾರಿ ಬದಲಿಸಿದರು. ಭಾಷಣ ಬಿಟ್ಟು ಊಟಕ್ಕೆ ಕರೆದರು! ಊರಿನ ವ್ಯಾಪಾರಿಗಳು, ಶಾಲೆಯ ಮುಖ್ಯಸ್ಥರು, ಚರ್ಚಿನ ಪಾದ್ರಿಗಳು ಒಂದೇ ಪಂಕ್ತಿಯಲ್ಲಿ ಕುಳಿತರು. ಬಡಿಸಿದ್ದು ಫೇರ್ ಟ್ರೇಡ್ ಸರಕಿನ ಜೊತೆಗೆ ಅದೇ ಊರಿನ ರೈತರು ಬೆಳೆದ ಪದಾರ್ಥ. ಊಟದ ಜೊತೆ ಒಂದು ಒಪ್ಪಿಗೆ ಪತ್ರವನ್ನೂ ಮುಂದಿಟ್ಟು, ಇಂಥ ಸರಕನ್ನು ಮಾರುತ್ತೇವೆ ಅಥವಾ ಬಳಸುತ್ತೇವೆ ಎಂದು ಬರೆದುಕೊಡಲು ಕೇಳಿದರು. ಚರ್ಚುಗಳು, ಶಾಲೆಗಳು, ಬಹುಪಾಲು ವ್ಯಾಪಾರಿಗಳು ಸಹಿ ಹಾಕಿದರು.

ಸ್ಥಳೀಯ ರೈತರನ್ನು ಸೇರಿಸಿಕೊಂಡದ್ದು ಜಾಣತನ. ಆ ದಿನಗಳಲ್ಲಿ ಇಂಗ್ಲೆಂಡಿನ ಹೈನುಗಾರರಿಗೂ ಹಾಲಿನ ಬೆಲೆ ಗಿಟ್ಟುತ್ತಿರಲಿಲ್ಲ. ಆಫ್ರಿಕಾದ ಕೋಕೋ ರೈತನ ಕಷ್ಟ, ಪಕ್ಕದ ಹೊಲದ ಹಾಲಿನವನ ಕಷ್ಟ ಎರಡೂ ಒಂದೇ ಎಂದು ಜನರಿಗೆ ಕಂಡಿತು. 2000ದ ಏಪ್ರಿಲ್‌ನಲ್ಲಿ ಊರಿನ ಸಾರ್ವಜನಿಕ ಸಭೆ ಗಾರ್‌ಸ್ಟಾಂಗನ್ನು ಫೇರ್ ಟ್ರೇಡ್ ಊರು ಎಂದು ಘೋಷಿಸಿತು. ಬ್ರಿಟನ್ನಿನ ಫೇರ್‌ಟ್ರೇಡ್ ಫೌಂಡೇಶನ್ 2001ರ ನವೆಂಬರ್‌ನಲ್ಲಿ ಅದನ್ನು ಅಧಿಕೃತವಾಗಿ ಮಾನ್ಯ ಮಾಡಿತು. ಜಗತ್ತಿನ ಮೊದಲ ಫೇರ್ ಟ್ರೇಡ್ ಊರು ಅದು. ಘಾನಾ ದೇಶದ ಕೋಕೋ ಬೆಳೆಯುವ ನ್ಯೂ ಕೊಫೊರಿಡುವಾ ಎಂಬ ಊರಿನೊಂದಿಗೆ ಗಾರ್‌ಸ್ಟಾಂಗ್ ನಂಟು ಬೆಳೆಸಿತು.

ಐದು ಮೆಟ್ಟಿಲು

ಗಾರ್‌ಸ್ಟಾಂಗಿನ ಅನುಭವ ನೋಡಿ ಬೇರೆ ಊರುಗಳಿಗೂ ಐದು ಗುರಿ ಗೊತ್ತುಮಾಡಲಾಯಿತು.

1. ಊರಿನ ಪುರಸಭೆ ಠರಾವು ಪಾಸು ಮಾಡಿ, ತನ್ನ ಸಭೆಗಳಲ್ಲಿ ಫೇರ್ ಟ್ರೇಡ್ ಕಾಫಿ, ಚಹಾ ಕೊಡಬೇಕು.

2. ಜನಸಂಖ್ಯೆಗೆ ತಕ್ಕಷ್ಟು ಅಂಗಡಿಗಳಲ್ಲಿ, ಹೋಟೆಲುಗಳಲ್ಲಿ ಕನಿಷ್ಠ ಎರಡು ಫೇರ್ ಟ್ರೇಡ್ ಸರಕು ಸಿಗಬೇಕು.

3. ಕಚೇರಿ, ಶಾಲೆ, ಪ್ರಾರ್ಥನಾ ಮಂದಿರಗಳು ಅದನ್ನು ಬಳಸಬೇಕು.

4. ಪತ್ರಿಕೆ, ಸಭೆ, ಮೇಳಗಳ ಮೂಲಕ ಜನರಿಗೆ ತಿಳಿಸಬೇಕು.

5. ಕೆಲಸ ನಿಲ್ಲದಂತೆ ನೋಡಿಕೊಳ್ಳಲು ಒಂದು ಸಮಿತಿ ಇರಬೇಕು.

ಎರಡನೆಯದನ್ನು ಗಮನಿಸಿ. ಹೋಟೆಲಿನವರು ಒಪ್ಪದೆ ಯಾವ ಊರಿಗೂ ಈ ಹೆಸರು ಸಿಗುವುದಿಲ್ಲ. ಆದರೆ ಪೂರಾ ಮೆನು ಬದಲಿಸಿ ಎಂದು ಯಾರೂ ಕೇಳಲಿಲ್ಲ, ಎರಡು ಸರಕು ಸಾಕು ಎಂದರು. ಸಣ್ಣದಾಗಿ ಶುರುಮಾಡಲು ಬಿಟ್ಟದ್ದರಿಂದಲೇ ಅದು ಬೆಳೆಯಿತು. 2006ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಮೀಡಿಯಾ ಎಂಬ ಊರು ಆ ದೇಶದಲ್ಲಿ ಮೊದಲನೆಯದಾಯಿತು. 2008ರಲ್ಲಿ ಲಂಡನ್ ನಗರವೂ ಸೇರಿತು.

ನಮಗೂ ಇದಕ್ಕೂ ಏನು ಸಂಬಂಧ?

ನಮ್ಮ ಹೋಟೆಲುಗಳ ಹೆಸರು ನಿಂತಿರುವುದೇ ಫಿಲ್ಟರ್ ಕಾಫಿಯ ಮೇಲೆ. ದೇಶದ ಕಾಫಿಯಲ್ಲಿ ಸುಮಾರು ಶೇಕಡ 70 ಕೊಡಗು, ಚಿಕ್ಕಮಗಳೂರು, ಹಾಸನದ್ದು. ದೊಡ್ಡ ಎಸ್ಟೇಟುಗಳು ಕಣ್ಣಿಗೆ ಬಿದ್ದರೂ ಬೆಳೆಗಾರರಲ್ಲಿ ಬಹುಪಾಲು ಜನ ಸಣ್ಣ ಹಿಡುವಳಿಯವರು.

2001ರಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಕಾಫಿ ಪೌಂಡಿಗೆ 50 ಸೆಂಟಿಗಿಂತ ಕೆಳಗೆ ಇಳಿಯಿತು. ಅದೇ ಹೊತ್ತಿನಲ್ಲಿ ಫೇರ್ ಟ್ರೇಡ್ ಬೆಲೆ ಪ್ರೀಮಿಯಂ ಸೇರಿ 126 ಸೆಂಟ್ ಇತ್ತು. ಕೊಪ್ಪದ ಹತ್ತಿರ ನನ್ನ ಭಾವನವರದು ಮೂರು ಎಕರೆ ತೋಟ. ಆ ವರ್ಷ ಕೊಯ್ಲಿನ ಕೂಲಿಯೂ ಹುಟ್ಟುವುದಿಲ್ಲವೆಂದು ಒಂದು ಮಗ್ಗುಲಿನ ಹಣ್ಣನ್ನು ಗಿಡದಲ್ಲೇ ಬಿಟ್ಟರು. ನಾನು ಪುಣೆಯಲ್ಲಿ ಗಲ್ಲಾದ ಮೇಲೆ ಕುಳಿತು ಪುಡಿ ಅಗ್ಗವಾಯಿತೆಂದು ಖುಷಿಪಡುತ್ತಿದ್ದೆ. ಬೋರ್ಡಿನ ಮೇಲೆ ಕಾಫಿಯ ರೇಟು ಒಂದು ರೂಪಾಯಿಯೂ ಇಳಿದಿರಲಿಲ್ಲ. ಅಕ್ಕ ಫೋನಿನಲ್ಲಿ, "ನಿಮ್ಮಲ್ಲಿ ಕಾಫಿಗೆ ಎಷ್ಟು ತಗೊಳ್ತೀಯೋ?" ಎಂದು ಕೇಳಿದಾಗ ಮಾತು ತೇಲಿಸಿಬಿಟ್ಟೆ. ಆ ಪ್ರಶ್ನೆ ಇನ್ನೂ ನನ್ನನ್ನು ಬಿಟ್ಟಿಲ್ಲ.

ಈಗ ಲೆಕ್ಕ ಹಾಕೋಣ. ಫೇರ್ ಟ್ರೇಡ್ ಕಾಫಿಯ ಪ್ರೀಮಿಯಂ ಪೌಂಡಿಗೆ 20 ಸೆಂಟ್, ಅಂದರೆ ಕಿಲೋಗೆ 44 ಸೆಂಟ್. ಡಾಲರಿಗೆ 90 ರೂಪಾಯಿ ಎಂದು ಹಿಡಿದರೆ ಸುಮಾರು 40 ರೂಪಾಯಿ. ಶೇಕಡ 20 ಚಿಕೋರಿ ಹಾಕಿದ ಒಂದು ಕಿಲೋ ಪುಡಿಯಲ್ಲಿ 800 ಗ್ರಾಂ ಕಾಫಿ ಇರುತ್ತದೆ. ಹುರಿಯುವಾಗ ತೂಕ ಇಳಿಯುವುದರಿಂದ ಅದಕ್ಕೆ ಹೆಚ್ಚುಕಡಿಮೆ ಒಂದು ಕಿಲೋ ಹಸಿಬೀಜ ಬೇಕು. ಕಪ್ಪಿಗೆ 10 ಗ್ರಾಂ ಪುಡಿಯಂತೆ ಕಿಲೋಗೆ 100 ಕಪ್. ಹಾಗಾದರೆ ರೈತನಿಗೆ ಸಲ್ಲುವ ಆ ಹೆಚ್ಚುವರಿ ಹಣ ಕಪ್ಪಿಗೆ 40 ಪೈಸೆ.

ದಿನಕ್ಕೆ 500 ಕಪ್ ಹೋಗುವ ಹೋಟೆಲಿಗೆ ಇದು 200 ರೂಪಾಯಿ, ತಿಂಗಳಿಗೆ 6,000. ಇದು ಸಣ್ಣ ಮೊತ್ತ ಎಂದು ನಾನು ಹೇಳುವುದಿಲ್ಲ. ಆದರೆ ಮಧ್ಯಾಹ್ನ ಮೂರಕ್ಕೆ ಚೆಲ್ಲುವ ಹಳೇ ಡಿಕಾಕ್ಷನ್, ರಾತ್ರಿ ಉಳಿಯುವ ಸಾಂಬಾರ್ ಇವುಗಳ ಲೆಕ್ಕ ಬರೆದು ನೋಡಿ. ಹೆಚ್ಚಿನವರಿಗೆ ಈ ಹಣ ತಮ್ಮ ಅಡುಗೆಮನೆಯಲ್ಲೇ ಸಿಕ್ಕೀತು.

ಇದರ ಮಿತಿಗಳು

ಪಾಠವೆಂದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಫೇರ್ ಟ್ರೇಡ್ ಗುರುತು ಪಡೆಯಲು ರೈತರ ಸಂಘ ಶುಲ್ಕ ಕಟ್ಟಬೇಕು, ತಪಾಸಣೆಗೆ ಒಳಗಾಗಬೇಕು. ಎಷ್ಟೋ ಸಂಘಗಳಿಗೆ ಬೆಳೆಯ ಒಂದು ಪಾಲನ್ನು ಮಾತ್ರ ಆ ಬೆಲೆಗೆ ಮಾರಲು ಸಾಧ್ಯವಾಗುತ್ತದೆ, ಉಳಿದದ್ದು ಸಾಮಾನ್ಯ ಬೆಲೆಗೇ ಹೋಗುತ್ತದೆ. ಗಿರಾಕಿ ಅಂಗಡಿಯಲ್ಲಿ ಹೆಚ್ಚು ಕೊಟ್ಟದ್ದೆಲ್ಲ ರೈತನಿಗೆ ತಲುಪುವುದಿಲ್ಲ. ಅರೇಬಿಕಾದ ಕನಿಷ್ಠ ಬೆಲೆಯನ್ನು 2023ರ ಆಗಸ್ಟ್‌ನಿಂದ 140 ಸೆಂಟಿನಿಂದ 180 ಸೆಂಟಿಗೆ ಏರಿಸಿದರು. ಆದರೆ 2025ರ ಆರಂಭದಲ್ಲಿ ಮಾರುಕಟ್ಟೆಯೇ 400 ಸೆಂಟ್ ದಾಟಿತು. ಅಂಥ ಹೊತ್ತಿನಲ್ಲಿ ಕನಿಷ್ಠ ಬೆಲೆಯ ಮಾತೇ ಬರುವುದಿಲ್ಲ. ಅದು ಕೊಡೆಯಿದ್ದ ಹಾಗೆ, ಮಳೆ ಬಂದಾಗಲೇ ಅದರ ಬೆಲೆ ತಿಳಿಯುವುದು.

ನಾವು ಮಾಡಬಹುದಾದದ್ದು

ಚೀಟಿ ಅಂಟಿಸಿದ ಸರಕು ನಮಗೆ ಸುಲಭವಾಗಿ ಸಿಗದಿರಬಹುದು. ಆದರೆ ಅದರ ಹಿಂದಿನ ನೀತಿಗೆ ಚೀಟಿ ಬೇಕಿಲ್ಲ.

ಮೊದಲನೆಯದು, ಕೇಳುವುದು. ಪುಡಿ ಕೊಡುವವರನ್ನು ಬೀಜ ಯಾವ ತಾಲ್ಲೂಕಿನದು, ಬೆಳೆಗಾರರ ಸಂಘದಿಂದ ತರಲು ಆಗುತ್ತದೆಯೇ ಎಂದು ವಿಚಾರಿಸಿ. ಒಬ್ಬರು ಕೇಳಿದರೆ ನಕ್ಕಾರು. ಸಂಘದ 50 ಸದಸ್ಯರು ಒಟ್ಟಾಗಿ ಕೇಳಿದರೆ ಕುಳಿತು ಮಾತಾಡುತ್ತಾರೆ.

ಎರಡನೆಯದು, ಹೊತ್ತಿಗೆ ಸರಿಯಾಗಿ ಹಣ ಕೊಡುವುದು. ಇದರಲ್ಲಿ ನಾನೇ ತಪ್ಪಿತಸ್ಥ. ತರಕಾರಿ ತರುವ ಮುದುಕನನ್ನು ಎಷ್ಟೋ ಸಲ ನಲವತ್ತು ದಿನ ಓಡಾಡಿಸಿದ್ದೇನೆ. ಅವನು ಬಡ್ಡಿಗೆ ಸಾಲ ತಂದು ಮಂಡಿಯಲ್ಲಿ ಮಾಲು ಎತ್ತುತ್ತಿದ್ದ ಎಂಬುದು ತಡವಾಗಿ ತಿಳಿಯಿತು. ಈಗ ಪ್ರತಿ ಸೋಮವಾರ ಬಿಲ್ ಚುಕ್ತಾ. ಸೊಪ್ಪು ಮೊದಲಿಗಿಂತ ತಾಜಾ ಬರುತ್ತಿದೆ.

ಮೂರನೆಯದು, ತೂಕ. ಘಾನಾದಲ್ಲಿ ಕೋಕೋ ಕೊಳ್ಳುವವರ ತಕ್ಕಡಿಯ ಮೋಸಕ್ಕೆ ಬೇಸತ್ತ ರೈತರು 1993ರಲ್ಲಿ ಕುಆಪಾ ಕೋಕೂ ಎಂಬ ತಮ್ಮದೇ ಸಂಘ ಕಟ್ಟಿದರು. ತೂಗುವವನನ್ನು ಹಳ್ಳಿಯವರೇ ಆರಿಸಿದರು. ನಮ್ಮ ಹಿಂಬಾಗಿಲಲ್ಲೂ ತಕ್ಕಡಿ ಇಬ್ಬರಿಗೂ ಕಾಣುವಂತಿರಲಿ.

ನಾಲ್ಕನೆಯದು, ನಮ್ಮ ಅಡುಗೆಮನೆ. ನಮ್ಮ ಹಿರಿಯರಲ್ಲಿ ಎಷ್ಟೋ ಜನ ಹನ್ನೆರಡರ ಪ್ರಾಯಕ್ಕೆ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದವರು. ಆ ಕಷ್ಟ ಮುಂದಿನವರಿಗೆ ಬೇಡ. ಹದಿನಾಲ್ಕರ ಒಳಗಿನವರನ್ನು ಹೋಟೆಲಿನಲ್ಲಿ ದುಡಿಸುವುದನ್ನು 2006ರಲ್ಲೇ ಸರಕಾರ ನಿಷೇಧಿಸಿದೆ. ಕ್ಲೀನರ್ ಹುಡುಗನ ಸಂಬಳ, ವಾರದ ರಜೆ ಸರಿಯಿಲ್ಲದೆ ರೈತನ ನ್ಯಾಯ ಮಾತಾಡಲು ನಮಗೆ ಬಾಯಿಲ್ಲ.

ಕೊನೆಯದು, ಒಂದು ಊಟ. ಗಾರ್‌ಸ್ಟಾಂಗಿನವರು ಊಟಕ್ಕೆ ಕರೆದು ಗೆದ್ದರು. ಊಟ ಹಾಕುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ವರ್ಷಕ್ಕೊಮ್ಮೆ ನಮ್ಮ ಸಂಘದವರು ಕಾಫಿ ಬೆಳೆಗಾರರನ್ನು, ಹಾಲಿನವರನ್ನು, ತರಕಾರಿಯವರನ್ನು ಬಾಳೆಲೆಯ ಮುಂದೆ ಕೂರಿಸಿ ಅವರ ಮಾತು ಕೇಳಿದರೆ ಹೇಗೆ?

ಮುಂದಿನ ಸಭೆಯ ಚರ್ಚೆಗೆ

1. ನನ್ನ ಹೋಟೆಲಿನ ಕಾಫಿ ಬೀಜ ಯಾರ ತೋಟದ್ದು ಎಂದು ನನಗೆ ಗೊತ್ತೇ?

2. ನನ್ನಿಂದ ಯಾರಿಗೆ, ಎಷ್ಟು ದಿನದಿಂದ ಹಣ ಬಾಕಿ ಇದೆ?

3. ಕಪ್ಪಿಗೆ 40 ಪೈಸೆ ಕೊಡಲು ನಾನು ಸಿದ್ಧನೇ? ಇಲ್ಲವಾದರೆ ಎಷ್ಟು ಕೊಡಬಲ್ಲೆ?

ಉತ್ತರ ಬರೆದುಕೊಂಡು ಬನ್ನಿ. ನನ್ನದನ್ನೂ ತರುತ್ತೇನೆ.